ಬೆಳಗಾವಿಯಲ್ಲಿ ಎಂಟು ತಿಂಗಳು ಇರುವ ಜರ್ಮನಿಯ ಸಹೋದ್ಯೋಗಿಯನ್ನು ಶನಿವಾರ-ರವಿವಾರ ಎಲ್ಲಿಗೆ ಕರೆದೊಯ್ಯಬಹುದು?

ನೀವು ಬರೆದಿದ್ದು ಇಷ್ಟು: ಉದ್ಯಮಬಾಗದ ನಿಮ್ಮ ಕಾರ್ಖಾನೆಗೆ ಬಂದಿರುವ ಎಂಜಿನಿಯರ್ ಜುಲೈಯಿಂದ ಫೆಬ್ರುವರಿವರೆಗೆ ಇರುತ್ತಾರೆ, ಗುಡಿ-ಕೋಟೆಗಿಂತ ಕಾಡು, ನೀರು, ಗುಡ್ಡ ಅವರಿಗೆ ಇಷ್ಟ, ವಾರಕ್ಕೆ ಎರಡು ದಿನ ಬಿಡುವು.

ಜಾಗಗಳ ಮಾತು ಆಮೇಲೆ. ಮೊದಲು ಅವರು ರಾತ್ರಿ ಎಲ್ಲಿ ಮಲಗುತ್ತಾರೆ ಅನ್ನೋದನ್ನು ಗಟ್ಟಿ ಮಾಡಿಕೊಳ್ಳಿ, ಏಕೆಂದರೆ ವಿದೇಶಿಯರ ವಿಷಯದಲ್ಲಿ ಪ್ರವಾಸ ಕೆಡುವುದು ಬಹುತೇಕ ಅಲ್ಲೇ. ವಿದೇಶಿಯರನ್ನು ಇಳಿಸಿಕೊಂಡವರು ಯಾರೇ ಇರಲಿ, ಲಾಡ್ಜ್ ಆಗಲಿ, ಹೋಂಸ್ಟೇ ಆಗಲಿ, ನಿಮ್ಮ ಮಾವನವರ ತೋಟದ ಮನೆಯೇ ಆಗಲಿ, 24 ತಾಸಿನೊಳಗೆ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಬೇಕು. ಜನ ಇದನ್ನು ಫಾರ್ಮ್ ಸಿ ಅಂತಲೇ ಕರೆಯುತ್ತಾರೆ. ಸಣ್ಣ ಊರಿನ ಲಾಡ್ಜ್‌ಗಳು ಇದಕ್ಕೆ ಹೆಸರು ನೋಂದಾಯಿಸಿರುವುದಿಲ್ಲ. ಹಾಗಾಗಿ ಫೋನ್‌ನಲ್ಲಿ ‘ರೂಮ್ ಐತಿ, ಬರ್ರಿ’ ಅಂದವರೇ ರಾತ್ರಿ ಎಂಟು ಗಂಟೆಗೆ ಬಿಳಿ ಮುಖ ಕಂಡಕೂಡಲೇ ‘ಎಲ್ಲಾ ತುಂಬ್ಯಾವ್ರಿ’ ಅನ್ನುತ್ತಾರೆ. ಫೋನ್ ಮಾಡಿದಾಗ ರೂಮ್ ಇದೆಯಾ ಅಂತ ಕೇಳಬೇಡಿ, ಜರ್ಮನಿ ಪಾಸ್‌ಪೋರ್ಟಿನವರಿಗೆ ಫಾರ್ಮ್ ಸಿ ತುಂಬುತ್ತೀರಾ ಅಂತ ಕೇಳಿ. ‘ಹೂಂ, ಆಧಾರ್ ಕಾರ್ಡ್ ತರ್ರಿ ಸಾಕು’ ಅಂತ ಉತ್ತರ ಬಂದರೆ ಬೇರೆ ಲಾಡ್ಜ್ ನೋಡಿ.

ಬಾದಾಮಿಯವರಿಗೆ ಇದು ದಿನಾ ಇರುವ ಕೆಲಸ. ಗೋಕಾಕ, ಖಾನಾಪುರ ಕಡೆ ಆ ರೂಢಿ ಕಡಿಮೆ. ಅದಕ್ಕೇ ನನ್ನ ಸಲಹೆ: ಬೆಳಗಾವಿ ಸುತ್ತಮುತ್ತಲಿನದೆಲ್ಲ ಬೆಳಿಗ್ಗೆ ಹೋಗಿ ಸಂಜೆ ಬರುವ ಲೆಕ್ಕದಲ್ಲಿರಲಿ, ವಸ್ತಿ ಬಾದಾಮಿಯಲ್ಲಿ ಮಾತ್ರ ಇರಲಿ. ಎಲ್ಲಿಗೇ ಹೋದರೂ ಮೂಲ ಪಾಸ್‌ಪೋರ್ಟ್, ವೀಸಾ, ಎರಡು ಸೆಟ್ ಜೆರಾಕ್ಸ್ ಒಂದು ಜಿಪ್ ಕವರಿನಲ್ಲಿ ಇರಲಿ. ವೀಸಾ 180 ದಿನಕ್ಕಿಂತ ಹೆಚ್ಚಿನದಾದರೆ ಸಾಮಾನ್ಯವಾಗಿ ಬಂದ 14 ದಿನದೊಳಗೆ ವಿದೇಶಿಯರ ನೋಂದಣಿ ಆಗಬೇಕು. ಅದನ್ನು ಕಂಪನಿಯವರು ಮಾಡಿಸಿದ್ದಾರೋ ಕೇಳಿ, ಆ ಪತ್ರವೂ ಜೊತೆಗಿರಲಿ.

ಜುಲೈ-ಸೆಪ್ಟೆಂಬರ್ ನೀರಿನ ಕಾಲ. ಗೋಕಾಕ ಜಲಪಾತ ಬೆಳಗಾವಿಯಿಂದ ಸುಮಾರು 60 ಕಿ.ಮೀ., ಘಟಪ್ರಭೆ 170 ಅಡಿ ಧುಮುಕುತ್ತಾಳೆ. ಗೊಡಚಿನಮಲ್ಕಿಯಲ್ಲಿ ಮಾರ್ಕಂಡೇಯ ಎರಡು ಹಂತದಲ್ಲಿ ಬೀಳುತ್ತದೆ. ಒಂದೇ ದಿನಕ್ಕೆ ಎರಡೂ ಆಗುತ್ತವೆ. ಗೋಕಾಕದಲ್ಲಿ ಗಮನಿಸಬೇಕಾದ್ದು ಆಕಾಶವನ್ನಲ್ಲ, ಹಿಡಕಲ್ ಅಣೆಕಟ್ಟನ್ನು. ಜಲಪಾತದ ಮೇಲ್ಭಾಗದಲ್ಲಿ ಆ ಡ್ಯಾಮ್ ಇರುವುದರಿಂದ, ಗೇಟ್ ಎತ್ತಿದರೆ ಇಲ್ಲಿ ಬಿಸಿಲಿದ್ದರೂ ಬಂಡೆ ಮೇಲಿನ ನೀರು ಏರುತ್ತದೆ. ಹೊರಡುವ ಹಿಂದಿನ ದಿನದ ಪತ್ರಿಕೆಯಲ್ಲಿ ಹೊರಹರಿವಿನ ಅಂಕಿ ನೋಡಿ. ಕಡಿಮೆ ಇದ್ದರೆ ಬರೀ ಕಪ್ಪು ಬಂಡೆ ನೋಡಿಕೊಂಡು ಬರುತ್ತೀರಿ, ಬಹಳ ಇದ್ದರೆ ಪೊಲೀಸರು ದೂರದಲ್ಲೇ ತಡೆಯುತ್ತಾರೆ. ಫೋಟೋಗಾಗಿ ಪಾಚಿ ಹಿಡಿದ ಅಂಚಿಗೆ ಹೋಗುವ ನಮ್ಮ ಹುಡುಗರನ್ನು ನೋಡಿ ಅವರೂ ಹಿಂದೆ ಹೋದಾರು, ಬಿಡಬೇಡಿ.

ಖಾನಾಪುರ ಕಡೆಯ ಕಾಡಿನ ಲೆಕ್ಕವೇ ಬೇರೆ. ಭೀಮಗಡ 2011ರಲ್ಲಿ ಅಭಯಾರಣ್ಯವಾಯಿತು, ವಿಸ್ತೀರ್ಣ ಸುಮಾರು 190 ಚದರ ಕಿ.ಮೀ. ಅಲ್ಲಿನ ಬಾರಾಪೇಡೆ ಗುಹೆಗಳಲ್ಲಿ ರಾಟನ್ ಬಾವಲಿ ಅನ್ನುವ ಅಪರೂಪದ ಬಾವಲಿ ಇದೆ. ಬಹುಕಾಲ ಜಗತ್ತಿನಲ್ಲಿ ಅದು ಇಲ್ಲಿ ಮಾತ್ರ ಇದೆ ಅಂತಲೇ ತಿಳಿದಿದ್ದರು. ಓದಿಕೊಂಡು ಬಂದ ವಿದೇಶಿಯರು ಗುಹೆಗೇ ಹೋಗೋಣ ಅನ್ನಬಹುದು, ಆ ಆಸೆ ಹುಟ್ಟಿಸಬೇಡಿ. ಅರಣ್ಯ ಇಲಾಖೆಯ ಅನುಮತಿ ಮತ್ತು ಸಿಬ್ಬಂದಿ ಇಲ್ಲದೆ ಅಭಯಾರಣ್ಯದೊಳಗೆ ಕಾಲಿಟ್ಟರೆ ಅದು ಅಪರಾಧ. ಮಳೆಗಾಲದಲ್ಲಿ ಖಾನಾಪುರ ತಾಲೂಕಿನ ಜಲಪಾತಗಳಿಗೂ ನಿರ್ಬಂಧ ಹಾಕುವುದುಂಟು. ಜಾಂಬೋಟಿಯಿಂದ ಕಣಕುಂಬಿವರೆಗಿನ ರಸ್ತೆ, ಕಣಕುಂಬಿಯಲ್ಲಿ ಮಲಪ್ರಭೆಯ ಉಗಮ, ಮುಂದೆ ಚೋರ್ಲಾ ಘಾಟಿನ ಮಂಜು, ಇಷ್ಟಕ್ಕೆ ಯಾರ ಅನುಮತಿಯೂ ಬೇಡ, ಒಂದು ರವಿವಾರಕ್ಕೆ ಸಾಕು.

ಈ ಕಾಡಿನಲ್ಲಿ ಜಿಗಣೆ ಹತ್ತಿದರೆ ಕಿತ್ತೆಳೆಯುವುದು ಬೇಡ. ಉಗುರನ್ನು ಅದರ ಬಾಯಿಯ ಪಕ್ಕಕ್ಕೆ ಸರಿಸಿ ಬಿಡಿಸಿ, ಬಟ್ಟೆಯಿಂದ ಒತ್ತಿ ಹಿಡಿಯಿರಿ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಬಹಳ ಹೊತ್ತು ಸೋರುತ್ತದೆ, ಗಾಬರಿ ಬೇಡ. ಉಣ್ಣೆ ಹಾಗಲ್ಲ. ಸಪೂರ ಚಿಮಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಮೇಲಕ್ಕೆ ಎಳೆಯಬೇಕು, ಸುಡುವುದು, ಎಣ್ಣೆ ಹಚ್ಚುವುದು ಬೇಡ. ಜರ್ಮನಿಯಲ್ಲಿ ಉಣ್ಣೆಯಿಂದ ಬರುವ ಮಿದುಳು ಜ್ವರಕ್ಕೆ ಅನೇಕರು ಲಸಿಕೆ ಹಾಕಿಸಿಕೊಂಡಿರುತ್ತಾರೆ. ಉಣ್ಣೆಯಿಂದಲೇ ಹರಡುವ ನಮ್ಮ ಮಂಗನ ಕಾಯಿಲೆಯದು ಅದೇ ಕುಲದ ಬೇರೆ ವೈರಸ್, ಆ ಲಸಿಕೆಯನ್ನು ನಂಬುವಂತಿಲ್ಲ. ಕಾಡಿಗೆ ಹೋಗಿ ಬಂದ ವಾರ-ಹತ್ತು ದಿನದಲ್ಲಿ ಜ್ವರ ಬಂದರೆ ಡಾಕ್ಟರಿಗೆ ಹೇಳುವ ಮೊದಲ ಮಾತೇ ‘ಕಾಡಿಗೆ ಹೋಗಿದ್ದೆವು’ ಎಂದಿರಲಿ.

ದೂಧಸಾಗರ ಜಲಪಾತ ಕೇಳೇ ಕೇಳುತ್ತಾರೆ. ಕ್ಯಾಸಲ್‌ರಾಕ್‌ನಿಂದ ಹಳಿ ಹಿಡಿದು ನಡೆಯುವ ಹಳೆಯ ವಿಡಿಯೋಗಳನ್ನು ನೋಡಿ ಮರುಳಾಗಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅತಿಕ್ರಮಣ: ಆರು ತಿಂಗಳವರೆಗೆ ಜೈಲು, ಅಥವಾ ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ನಮಗೆ ದಂಡ ಕಟ್ಟಿದರೆ ಮುಗಿಯಿತು, ವೀಸಾದ ಮೇಲೆ ಇರುವವರಿಗೆ ಕೇಸು ಅಂದರೆ ಸಣ್ಣದಲ್ಲ. ಮಳೆ ಮುಗಿದ ಮೇಲೆ ಗೋವಾದ ಕುಳೆಯಿಂದ ಜೀಪ್‌ನಲ್ಲಿ ಹೋಗಿ, ಇಲ್ಲವೇ ಲೋಂಡಾ ದಾಟಿ ಹೋಗುವ ಹಗಲಿನ ರೈಲಿನ ಕಿಟಕಿಯಿಂದ ನೋಡಿ.

ನವೆಂಬರ್ ಬಂತೆಂದರೆ ಹಕ್ಕಿಗಳು. ಘಟಪ್ರಭಾ ಪಕ್ಷಿಧಾಮ, ಧೂಪದಾಳ ಹಿನ್ನೀರು, ಆಲಮಟ್ಟಿ ಹಿನ್ನೀರು. ಪಟ್ಟೆತಲೆ ಹೆಬ್ಬಾತು ಆಲಮಟ್ಟಿ ಕಡೆ, ಡೆಮೊಯ್ಸೆಲ್ ಕ್ರೌಂಚ ಧೂಪದಾಳ ಕಡೆ ಹುಡುಕಿ. ಬೆಳಿಗ್ಗೆ ಏಳರೊಳಗೆ ದಂಡೆಯಲ್ಲಿರಬೇಕು, ಸೂರ್ಯ ಬೆನ್ನಿಗಿರಬೇಕು.

ಇನ್ನು ಬಾದಾಮಿ. ಬೆಳಗಾವಿಯಿಂದ ಯರಗಟ್ಟಿ-ರಾಮದುರ್ಗದ ಮೇಲೆ ಕಾರಿನಲ್ಲಿ ಸುಮಾರು ನಾಲ್ಕು ತಾಸು, ಶುಕ್ರವಾರ ಸಂಜೆಯೇ ಬಿಟ್ಟರೆ ಎರಡು ದಿನ ಪೂರ್ತಿ ಸಿಗುತ್ತವೆ. ಬಂಡೆ ಏರುವವರಿಗೆ ದೇಶದಲ್ಲೇ ಹೆಸರಾದ ಜಾಗ ಇದು, ಹಗ್ಗ ಸಿಕ್ಕಿಸಲು ಬೋಲ್ಟ್ ಹೊಡೆದ ದಾರಿಗಳಿವೆ. ಆದರೆ ಮರಳುಗಲ್ಲು ನೆಂದಾಗ ಬಲ ಕಳೆದುಕೊಳ್ಳುತ್ತದೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ತೇವವಿದ್ದು, ಹಿಡಿದ ಅಂಚು ಬಿಸ್ಕತ್ತಿನಂತೆ ಮುರಿಯುತ್ತದೆ. ಮಳೆಯಾದ ಮೇಲೆ ಎರಡು-ಮೂರು ಒಣ ದಿನ ಬಿಟ್ಟೇ ಹತ್ತಬೇಕು. ಸ್ಮಾರಕಗಳ ಬಂಡೆಯನ್ನು ಮುಟ್ಟುವಂತಿಲ್ಲ. ಅಲ್ಲಿನ ಹೆಜ್ಜೇನು ಸಿಗರೇಟ್ ಹೊಗೆಗೂ ಸೆಂಟಿನ ವಾಸನೆಗೂ ಕೆರಳುತ್ತದೆ. ಹತ್ತುವ ಮನಸ್ಸಿಲ್ಲದಿದ್ದರೆ ಆದಿಮಾನವರ ಚಿತ್ರಗಳಿರುವ ಬಂಡೆಯಾಸರೆ ಸಿಡಿಲಫಡಿಗೆ ನಡೆದುಕೊಂಡು ಹೋಗಿ. ಕುರುಚಲು ಕಾಡಿನಲ್ಲಿ ನಾಲ್ಕು ಕಿಲೋಮೀಟರ್ ಆಸುಪಾಸು, ನಡುವೆ ನೀರಿಲ್ಲ, ಒಬ್ಬೊಬ್ಬರೂ ಮೂರು ಲೀಟರ್ ಹೊತ್ತುಕೊಳ್ಳಿ. ಕವರಿನಲ್ಲಿ ತಿನಿಸು ಕೈಯಲ್ಲಿ ಹಿಡಿದರೆ ಮಂಗಗಳು ಬಿಡುವುದಿಲ್ಲ, ಎಲ್ಲ ಬ್ಯಾಗಿನೊಳಗಿರಲಿ. ಖಟಿ ರೊಟ್ಟಿ, ಶೇಂಗಾ ಚಟ್ನಿ ಎರಡು ದಿನ ಇಟ್ಟರೂ ಕೆಡುವುದಿಲ್ಲ, ಹೊಸ ಹೊಟ್ಟೆಗೂ ಒಗ್ಗುತ್ತವೆ. ಓಆರ್‌ಎಸ್ ದೊಡ್ಡ ಪೊಟ್ಟಣವನ್ನು ಒಂದು ಲೀಟರಿಗೇ ಕಲಸಬೇಕು. ಅರ್ಧ ಲೀಟರ್ ಬಾಟಲಿಗೆ ಪೂರ್ತಿ ಸುರಿದರೆ ಉಪ್ಪು ಹೆಚ್ಚಾಗಿ ಭೇದಿ ಕೂಡ ಹೆಚ್ಚಬಹುದು.

ಗುಹೆಗಳ ಟಿಕೆಟ್ ನಿಮಗೆ 25 ರೂಪಾಯಿ, ಅವರಿಗೆ 300. ಪಟ್ಟದಕಲ್ಲಿನಲ್ಲಿ 40 ಮತ್ತು 600. ಮೊದಲೇ ಹೇಳಿಬಿಡಿ, ಕೌಂಟರ್ ಮುಂದೆ ಮುಜುಗರ ತಪ್ಪುತ್ತದೆ.

ಬೈಕ್ ಓಡಿಸುತ್ತೇನೆ ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯಲ್ಲಿ ಮೋಟಾರ್‌ಸೈಕಲ್ ವರ್ಗಕ್ಕೆ ಮುದ್ರೆ ಇದೆಯೇ ನೋಡಿ. ಕಾರಿನದಷ್ಟೇ ಇದ್ದರೆ ಅಪಘಾತವಾದಾಗ ವಿಮೆಯವರು ಕೈ ಎತ್ತುತ್ತಾರೆ. ಯುರೋಪಿನ ಚಾರಣಿಗರು ಬ್ಯಾಗಿನಲ್ಲಿ ಇಟ್ಟುಕೊಳ್ಳುವ ಉಪಗ್ರಹ ಸಂದೇಶದ ಸಾಧನ ಅವರ ಬಳಿ ಇದ್ದರೆ ಎಚ್ಚರ. ಪರವಾನಗಿ ಇಲ್ಲದೆ ಅದು ಇಲ್ಲಿ ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲೇ ಹಿಡಿದ ಪ್ರಕರಣಗಳಿವೆ. ಡ್ರೋನ್ ಕೂಡ ಬೇಡ. ಚೋರ್ಲಾ ದಾಟಿ ಗೋವಾಕ್ಕೆ ಹೋದರೆ ವಾಪಸ್ ಬರುವಾಗ ಕಣಕುಂಬಿಯಲ್ಲಿ ಅಬಕಾರಿಯವರು ಡಿಕ್ಕಿ ತೆಗೆಸುತ್ತಾರೆ, ಅಗ್ಗ ಅಂತ ಬಾಟಲಿ ತುಂಬಿಕೊಳ್ಳುವುದು ಬೇಡ ಅಂತ ಹೋಗುವಾಗಲೇ ಹೇಳಿಡಿ.