16 ವರ್ಷದ ಮಗನಿಗೆ ಆಟಿಸಂ ಇದೆ, ನಾಲ್ಕೈದು ತಿನಿಸು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಗೋಧಿ, ಹಾಲು ನಿಲ್ಲಿಸಬೇಕಾ?

ಬ್ರೆಡ್, ಬಿಸ್ಕತ್ತು, ಚಿಪ್ಸ್, ಹಾಲು, ಇಷ್ಟೇ ತಿನ್ನುತ್ತಾನೆ ಅಂತ ಬರೆದಿದ್ದೀರಿ. ಅದರಲ್ಲಿ ಮೂರನ್ನು ನೀವೇ ಕಿತ್ತುಕೊಂಡರೆ ಅವನು ತಿನ್ನುವುದೇನು? ದಯವಿಟ್ಟು ಯಾರೋ ಹೇಳಿದರು ಅಂತ ನಿಲ್ಲಿಸಬೇಡಿ. ಗೋಧಿ, ಹಾಲು ಬಿಟ್ಟರೆ ಆಟಿಸಂ ಲಕ್ಷಣ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. ಚಿಕಿತ್ಸೆಗೆ ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆಯ 2013ರ ಮಾರ್ಗಸೂಚಿ ಅದಕ್ಕಾಗಿ ಇಂಥ ಪಥ್ಯ ಬೇಡ ಅಂತಲೇ ಹೇಳುತ್ತದೆ. ಸೀಲಿಯಾಕ್ ಕಾಯಿಲೆಯೋ (ಗೋಧಿಯಲ್ಲಿರುವ ಗ್ಲುಟೆನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಹಾಲಿನ ಅಲರ್ಜಿಯೋ ಇದ್ದರೆ ಮಾತು ಬೇರೆ. ಆದರೆ ಸೀಲಿಯಾಕ್ ಪರೀಕ್ಷೆಯನ್ನು ಗೋಧಿ ತಿನ್ನುತ್ತಿರುವಾಗಲೇ ಮಾಡಿಸಬೇಕು. ಬಿಟ್ಟ ಮೇಲೆ ಮಾಡಿಸಿದರೆ ಕಾಯಿಲೆ ಇದ್ದರೂ ಕಾಣದೇ ಹೋಗಬಹುದು.

ನನ್ನ ಮಗಳಿಗೂ ಆಟಿಸಂ ಇದೆ. ಮೆತ್ತಗಿನದು ಯಾವುದೂ ಅವಳಿಗೆ ಆಗುವುದಿಲ್ಲ. ಬಾಳೆಹಣ್ಣು ನಾಲಿಗೆಗೆ ತಾಗಿದರೆ ಸಾಕು, ನಿಜವಾಗಿಯೂ ಓಕರಿಕೆ ಬರುತ್ತದೆ. ಅದನ್ನು ಹಠ ಅಂತ ಬೈದು ಏನು ಪ್ರಯೋಜನ? ಅವಳಿಗೆ ಕಟುಂ ಅನ್ನುವ ಸದ್ದು ಬೇಕು. ನಾವು ಅಲ್ಲಿಂದಲೇ ಹೊರಟೆವು. ಮೊದಲು ಅದೇ ಚಿಪ್ಸ್, ಬೇರೆ ಆಕಾರದ್ದು. ಆಮೇಲೆ ತೆಳ್ಳಗೆ ಹೆಚ್ಚಿ ಗರಿಗರಿಯಾಗಿ ಹುರಿದ ಆಲೂಗಡ್ಡೆ, ಅದೇ ಥರ ಹುರಿದ ಕ್ಯಾರೆಟ್, ಕೊನೆಗೆ ಹಸಿ ಕ್ಯಾರೆಟ್. ಒಂದು ಸಲಕ್ಕೆ ಒಂದೇ ಬದಲಾವಣೆ. ಹೊಸದನ್ನು ಅವಳ ತಟ್ಟೆಗೆ ಹಾಕುತ್ತಿರಲಿಲ್ಲ, ಪಕ್ಕದ ಬಟ್ಟಲಲ್ಲಿ ಇಡುತ್ತಿದ್ದೆವು. ಮೂಸುತ್ತಿದ್ದಳು, ಬೆರಳಲ್ಲಿ ಒತ್ತಿ ನೋಡಿ ದೂರ ತಳ್ಳುತ್ತಿದ್ದಳು. ತಳ್ಳಲಿ ಬಿಡಿ. ಸಾಮಾನ್ಯ ಮಕ್ಕಳಿಗೇ ಹೊಸ ರುಚಿ ಒಗ್ಗಲು 10-15 ಸಲ ಬೇಕಾಗುತ್ತದೆ, ಇವರಿಗೆ ಇನ್ನೂ ಜಾಸ್ತಿ. ‘ಒಂದೇ ಒಂದು ತುತ್ತು’ ಅನ್ನುವ ಒತ್ತಾಯ ಬೇಡವೇ ಬೇಡ. ಇಷ್ಟದ ತಿನಿಸಿನೊಳಗೆ ತರಕಾರಿ ಅಡಗಿಸಿ ಕೊಡುವುದೂ ಬೇಡ. ಗೊತ್ತಾದರೆ ಇದ್ದ ತಿನಿಸನ್ನೂ ಬಿಟ್ಟುಬಿಡುತ್ತಾರೆ.

ಕೆಲವರಿಗೆ ಹಸಿವಾಗಿದ್ದೇ ತಿಳಿಯುವುದಿಲ್ಲ. ಅವರಿಗೆ ಊಟದ ಹೊತ್ತು ಗಡಿಯಾರ ನೋಡಿ ನಿಗದಿ ಮಾಡುವುದೇ ವಾಸಿ. ಹಾಲು ಅತಿಯಾದರೆ ಹೊಟ್ಟೆ ತುಂಬಿ ಬೇರೆ ಊಟ ಸೇರುವುದಿಲ್ಲ, ಕಬ್ಬಿಣದ ಅಂಶವೂ ಕಡಿಮೆಯಾಗುತ್ತದೆ.

ಇಷ್ಟು ಕಡಿಮೆ ಬಗೆ ತಿನ್ನುವ ಹುಡುಗನಿಗೆ ರಕ್ತಪರೀಕ್ಷೆ ಆಗಲೇಬೇಕು. ಕಬ್ಬಿಣ, ವಿಟಮಿನ್ ಡಿ ಜೊತೆಗೆ ವಿಟಮಿನ್ ಸಿ ಬಗ್ಗೆಯೂ ಕೇಳಿ. ಹಣ್ಣು ತರಕಾರಿ ಏನೂ ತಿನ್ನದ ಆಟಿಸಂ ಮಕ್ಕಳಲ್ಲಿ ಸ್ಕರ್ವಿ, ಅಂದರೆ ವಿಟಮಿನ್ ಸಿ ಕೊರತೆಯ ಕಾಯಿಲೆ, ಕಂಡುಬಂದಿದೆ. ಕಾಲುನೋವು, ಕುಂಟುವುದು, ಒಸಡಲ್ಲಿ ರಕ್ತ ಕಂಡರೆ ತಡಮಾಡಬೇಡಿ. ಮಲಬದ್ಧತೆ, ಹಲ್ಲುನೋವು ಇದ್ದರೂ ಊಟ ಬಿಡುತ್ತಾರೆ, ಬಾಯಿಬಿಟ್ಟು ಹೇಳುವುದಿಲ್ಲ. ಮಾತ್ರೆ ತಗೊಳ್ಳುತ್ತಿದ್ದಾನಾ? ಸಿಟ್ಟು, ಕೆರಳಿಕೆ ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಹಸಿವು, ತೂಕ ಎರಡನ್ನೂ ಹೆಚ್ಚಿಸಬಹುದು. ಗಮನ ನಿಲ್ಲದ ತೊಂದರೆಗೆ (ಎಡಿಎಚ್‌ಡಿ) ಕೊಡುವ ಮೀಥೈಲ್‌ಫೆನಿಡೇಟ್ ಹಸಿವು ಕೊಲ್ಲುತ್ತದೆ. ನೀವಾಗಿ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ. ತೂಕ ಇಳಿಯುತ್ತಿದ್ದರೆ, ತಿನ್ನುತ್ತಿದ್ದುದನ್ನೂ ಒಂದೊಂದಾಗಿ ಬಿಡುತ್ತಿದ್ದರೆ ಕಾಯಲೇಬೇಡಿ.

ಈ ವಾರ ಒಂದು ಕೆಲಸ ಮಾಡಿ. ಅವನು ತಿಂದದ್ದನ್ನೆಲ್ಲ ಬರೆದಿಡಿ. ಯಾವ ಬ್ರ್ಯಾಂಡ್, ಬಿಸಿಯೋ ತಣ್ಣಗೋ, ಗರಿಗರಿಯೋ ಮೆತ್ತಗೋ, ಎಷ್ಟು, ಎಲ್ಲವೂ ಇರಲಿ. ಬರೆಯುವಾಗ ಅವನನ್ನೂ ಕೂರಿಸಿಕೊಳ್ಳಿ. 16 ವರ್ಷದವನು, ಯಾಕೆ ಆಗುವುದಿಲ್ಲ ಅಂತ ಅವನಿಗೇ ಚೆನ್ನಾಗಿ ಗೊತ್ತಿರುತ್ತದೆ, ಅಲ್ವಾ? ಮಾತು ಕಷ್ಟವಾದರೆ ಚಿತ್ರ ತೋರಿಸಿ ಆರಿಸಲು ಹೇಳಿ. ಆ ಪಟ್ಟಿ ಹಿಡಿದು, ಆಟಿಸಂ ಬಲ್ಲ ಡಯಟೀಷಿಯನ್ ಹತ್ತಿರ ಹೋಗಿ.