ಪದ್ಯದ ಅಂಚಿನಲ್ಲಿ ಮಕ್ಕಳ ಮಾತು

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದ ಪ್ರೌಢಶಾಲೆಯೊಂದರಲ್ಲಿ ಕನ್ನಡ ಅಧ್ಯಾಪಿಕೆ. ಒಂಬತ್ತನೇ ತರಗತಿಯಲ್ಲಿ 31 ಮಕ್ಕಳು. ಪದ್ಯಪಾಠದ ಬಗ್ಗೆ ಎಲ್ಲರೂ ಸೇರಿ ಬರೆಯಲಿ ಎಂದು ಗೂಗಲ್ ಡಾಕ್ಸ್‌ನಲ್ಲಿ ಒಂದು ಪುಟ ಮಾಡಿ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿದೆ. ನಾಲ್ಕು ಮಂದಿ ಗೈಡಿನ ಸಾರಾಂಶವನ್ನೇ ತಂದು ಹಾಕಿದರು. ಯಾರೋ ಇಡೀ ಪುಟ ಅಳಿಸಿಬಿಟ್ಟರು. ಉಳಿದವರು ಆ ಕಡೆ ತಲೆಹಾಕಲೇ ಇಲ್ಲ. ತರಗತಿಯಲ್ಲಿ ಮಾತಾಡುವವರೂ ಆ ನಾಲ್ವರೇ. ಇದಕ್ಕಿಂತ ಒಳ್ಳೆಯ ಆ್ಯಪ್ ಯಾವುದಾದರೂ ಇದೆಯೇ?

ಉತ್ತರ: ಟೀಚರೇ, ಡಾಕ್ಸೇ ಸಾಕು. ಎಡವಿದ್ದು ಪ್ರಶ್ನೆಯಲ್ಲಿ. "ಪದ್ಯದ ಬಗ್ಗೆ ಬರೆಯಿರಿ" ಎಂದರೆ ಮಗುವಿಗೆ ಎಲ್ಲಿಂದ ಹಿಡಿಯಬೇಕೆಂದು ತಿಳಿಯುವುದಿಲ್ಲ, ಗೈಡಿಗೆ ಕೈಹಾಕುತ್ತದೆ. "ಈ ಎಂಟು ಸಾಲಿನಲ್ಲಿ ನಿನಗೆ ಅರ್ಥವಾಗದ ಒಂದು ಪದ ಯಾವುದು? ಅದನ್ನು ಮನೆಯಲ್ಲಿ ಏನೆನ್ನುತ್ತಾರೆ?" ಎಂದು ಕೇಳಿ ನೋಡಿ. ಇದಕ್ಕೆ ಗೈಡಿನಲ್ಲಿ ಉತ್ತರವಿಲ್ಲ.

ಮೊದಲು ಅಳಿಸಿಹೋದದ್ದರ ವಿಚಾರ. ಅದು ಕಳೆದುಹೋಗಿಲ್ಲ. ಕಂಪ್ಯೂಟರಿನಲ್ಲಿ ಆ ಪುಟ ತೆರೆದು ಫೈಲ್ ಮೆನುವಿನಲ್ಲಿ ವರ್ಷನ್ ಹಿಸ್ಟರಿ ಒತ್ತಿದರೆ ಹಳೆಯ ರೂಪಗಳು ದಿನ, ಗಂಟೆಯ ಸಮೇತ ಸಿಗುತ್ತವೆ. ಬೇಕಾದದ್ದನ್ನು ಮರಳಿ ತರಬಹುದು. ಸೈನ್ ಇನ್ ಆಗಿ ಬಂದ ಮಗು ಏನು ಬರೆಯಿತು, ಏನು ತಿದ್ದಿತು ಎಂಬುದೂ ಅಲ್ಲಿ ಕಾಣುತ್ತದೆ. ಅಳಿಸಿದ ಮಗುವನ್ನು ಹುಡುಕಿ ಗದರಿಸಬೇಡಿ. ಹೆಚ್ಚಿನ ಸಲ ಅದು ಫೋನಿನ ಸಣ್ಣ ಪರದೆಯಲ್ಲಿ ಬೆರಳು ಜಾರಿ ಆದದ್ದಾಗಿರುತ್ತದೆ. ಮುಂದಿನ ಸಲ ಲಿಂಕ್ ಕೊಡುವಾಗ ಎಡಿಟರ್ ಬದಲು ಕಾಮೆಂಟರ್ ಎಂದು ಆರಿಸಿ. ಆಗ ಪದ್ಯ ಅಲುಗದೆ ನಡುವೆ ನಿಲ್ಲುತ್ತದೆ, ಮಕ್ಕಳ ಮಾತು ಅಂಚಿನಲ್ಲಿ ಬರುತ್ತದೆ. 31 ಮಂದಿಗೆ ಒಂದೇ ಪುಟ ಎಂದರೆ ಸಂತೆಯಾಗುತ್ತದೆ. ಐದಾರು ಮಂದಿಯ ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ಪ್ರತಿ ಕೊಡಿ.

ಇನ್ನು ಮಾತಾಡದ 27 ಮಂದಿ. ನಮ್ಮ ಗಡಿನಾಡಿನ ತರಗತಿಯಲ್ಲಿ ಮೌನಕ್ಕೆ ಬೇರೆಯೇ ಕಾರಣವಿದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ನಿಮ್ಮ ಎದುರು ಕೂತವರಲ್ಲಿ ಮನೆಯಲ್ಲಿ ತುಳು ಆಡುವವರು, ಹವ್ಯಕ ಕನ್ನಡ ಆಡುವವರು, ಕೊಂಕಣಿ, ಮರಾಠಿ, ಬ್ಯಾರಿ, ಮಲಯಾಳ ಆಡುವವರು ಇರುತ್ತಾರೆ. ಪುಸ್ತಕದ ಕನ್ನಡದಲ್ಲಿ ಬಾಯಿ ತೆರೆದರೆ ತಪ್ಪಾದೀತು, ಪಕ್ಕದವರು ನಕ್ಕಾರು ಎಂಬ ಅಂಜಿಕೆ. ಬರೆಯುವಾಗ ಯೋಚಿಸಲು ಸಮಯ ಸಿಗುತ್ತದೆ, ಮನೆಯ ಮಾತಿಗೂ ಅಲ್ಲಿ ಜಾಗ ಕೊಡಬಹುದು. ಪದ್ಯದಲ್ಲಿ "ಅಂಗಳ" ಬಂದರೆ ಒಬ್ಬಳು "ಜಾಲ್" ಎಂದು ಬರೆಯುತ್ತಾಳೆ, ಇನ್ನೊಬ್ಬ ಮಲಯಾಳದ "ಮುಟ್ಟಂ" ಬರೆಯುತ್ತಾನೆ. ಮೂರನೆಯವಳು "ನಮ್ಮಲ್ಲಿ ಜಾಲಿನಲ್ಲಿ ಅಡಕೆ ಒಣಹಾಕುತ್ತಾರೆ, ಪದ್ಯದ ಅಂಗಳದಲ್ಲಿ ರಂಗೋಲಿ ಮಾತ್ರ ಇದೆ" ಎಂದು ಬರೆದರೆ, ಆ ಮಗು ಪದ್ಯದ ಒಳಗೆ ಕಾಲಿಟ್ಟಾಯಿತು. ಅದು ವಿಮರ್ಶೆಯೇ. ಮರುದಿನ ಅದನ್ನು ತರಗತಿಯಲ್ಲಿ ಹೆಸರು ಹೇಳದೆ ಗಟ್ಟಿಯಾಗಿ ಓದಿ. ಬರೆದವರ ಮುಖ ತಾನಾಗಿ ಅರಳುತ್ತದೆ.

ಹಳೆಗನ್ನಡಕ್ಕೆ ಬಂದಾಗ ನಿಮ್ಮ ಮಕ್ಕಳ ಕೈಯಲ್ಲಿ ಬೆಂಗಳೂರಿನ ಮಕ್ಕಳಿಗೆ ಸುಲಭದಲ್ಲಿ ಸಿಗದ ಒಂದು ಸಂಪತ್ತು ಇದೆ. ಹೊಸಗನ್ನಡದಿಂದ ಮರೆಯಾದ ೞ ಅಕ್ಷರದ ಉಚ್ಚಾರ ಮಲಯಾಳದಲ್ಲಿ ಇಂದಿಗೂ ಜೀವಂತವಾಗಿದೆ. ಮೞೆ, ಏೞ್, ಕೊೞಲ್ ಎಂಬ ಪದಗಳನ್ನು ಪುಟದಲ್ಲಿ ಹಾಕಿ, ಮಲಯಾಳ ಬಲ್ಲ ಮಕ್ಕಳಿಗೆ ಅವುಗಳ ಜೋಡಿ ಪದ ಹುಡುಕಿ ಧ್ವನಿಮುದ್ರಿಸಲು ಹೇಳಿ. ಪ್ಯಾಡ್ಲೆಟ್‌ನಂಥ ಆನ್‌ಲೈನ್ ಫಲಕದಲ್ಲಿ ಧ್ವನಿಯನ್ನೂ ಅಂಟಿಸಬಹುದು, ನೀವು ಒಪ್ಪಿದ ಮೇಲೆಯೇ ಎಲ್ಲರಿಗೂ ಕಾಣುವಂತೆ ಇಡಬಹುದು. ಮನೆಮಾತು ಮಲಯಾಳ ಎಂದು ಕನ್ನಡ ತರಗತಿಯಲ್ಲಿ ಹಿಂಜರಿಯುತ್ತಿದ್ದ ಮಗು ಅಂದು ಉಳಿದವರಿಗೆ ಹಳೆಗನ್ನಡ ಕಲಿಸುತ್ತದೆ.

ಮಾದರಿಗಾಗಿ ದೂರ ಹೋಗಬೇಕಾಗಿಲ್ಲ. ಯಕ್ಷಗಾನ ಕವಿ ಕುಂಬಳೆ ಪಾರ್ತಿಸುಬ್ಬನ ಊರು ನಮ್ಮದು. ತಾಳಮದ್ದಳೆಯಲ್ಲಿ ಭಾಗವತರು ಪದ್ಯ ಹೇಳುತ್ತಾರೆ, ಅರ್ಥಧಾರಿ ಅದರ ಅರ್ಥವನ್ನು ತನ್ನ ಮಾತಿನಲ್ಲಿ ಬಿಡಿಸುತ್ತಾನೆ, ಎದುರಾಳಿ ಅದಕ್ಕೆ ಉತ್ತರ ಕೊಡಲೇಬೇಕು. ಹಂಚಿದ ಪುಟದಲ್ಲಿ ಇದನ್ನೇ ಮಾಡಿಸಿ. ವಾಲಿವಧೆಯ ಒಂದು ಪದ್ಯ ಮೇಲೆ ಇರಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಸರಿಯೇ ಎಂಬ ವಾಲಿಯ ಪ್ರಶ್ನೆಯನ್ನು ಒಂದು ಗುಂಪು ಬರೆಯಲಿ, ರಾಮನ ಉತ್ತರವನ್ನು ಇನ್ನೊಂದು ಗುಂಪು. ಐದು ಸಾಲು ಮೀರಬಾರದು, ಹಿಂದಿನ ಮಾತಿಗೆ ಉತ್ತರ ಕೊಡದೆ ಹೊಸ ಮಾತು ಎತ್ತಬಾರದು, ಪದ್ಯದ ಒಂದು ಪದವನ್ನಾದರೂ ಹಿಡಿದು ಮಾತಾಡಬೇಕು. ಇದಕ್ಕೆ ಮಾತ್ರ ಎಡಿಟರ್ ಅನುಮತಿ ಬೇಕಾಗುತ್ತದೆ. ಭಾಗವತರ ಸ್ಥಾನದಲ್ಲಿ ನೀವಿರಿ. ವಾದ ದಾರಿ ತಪ್ಪಿದಾಗ ಮುಂದಿನ ಪದ್ಯ ಹಾಕಿದರೆ ಮುಗಿಯಿತು.

ಛಂದಸ್ಸಿಗೂ ಈ ಪುಟ ಒದಗುತ್ತದೆ. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಪ್ರಾಸ ಬಿಟ್ಟು ಬರೆಯತೊಡಗಿದರು ಎಂದು ಪಾಠ ಹೇಳುತ್ತೇವೆ, ಮಕ್ಕಳು ಇಸವಿ ಬಾಯಿಪಾಠ ಮಾಡುತ್ತಾರೆ. ಬಿಟ್ಟದ್ದು ಏನನ್ನು ಎಂದು ಅವರಿಗೆ ಕಾಣುವುದೇ ಇಲ್ಲ. ಒಂದು ಷಟ್ಪದಿಯನ್ನೂ ಪೈಗಳ ಪ್ರಾಸವಿಲ್ಲದ ಪದ್ಯವನ್ನೂ ಅಕ್ಕಪಕ್ಕ ಇಡಿ. ಈ ಪ್ರಾಸ ಕೂರುವುದು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ. ಅದಕ್ಕೆ ಬಣ್ಣ ಬಳಿಯಲು ಹೇಳಿ, ಒಂದೇ ವ್ಯಂಜನಕ್ಕೆ ಒಂದೇ ಬಣ್ಣ. ಎಡಗಡೆ ಒಂದೇ ಬಣ್ಣದ ಕಂಬ ಎದ್ದು ನಿಲ್ಲುತ್ತದೆ, ಬಲಗಡೆ ಬಣ್ಣಗಳು ಚೆದರುತ್ತವೆ. ಕವಿ ಎಂಥ ಕಟ್ಟು ಬಿಚ್ಚಿದರು ಎಂದು ಮಗು ಕಣ್ಣಾರೆ ನೋಡುತ್ತದೆ. ಆಮೇಲೆ ಎರಡನ್ನೂ ಗಟ್ಟಿಯಾಗಿ ಓದಿಸಿ. ಈ ಓದನ್ನು ಮಾತ್ರ ಬಿಡಬೇಡಿ.

ಎಲ್ಲರ ಮನೆಯಲ್ಲೂ ಫೋನ್ ಬಿಡುವಾಗಿರುವುದಿಲ್ಲ, ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುತ್ತದೆ. ಹಾಗಾಗಿ ಮುಖ್ಯ ಕೆಲಸವೆಲ್ಲ ಶಾಲೆಯಲ್ಲೇ ಆಗಲಿ. ಹೈಟೆಕ್ ಯೋಜನೆಯಲ್ಲಿ ಕೇರಳ ಸರಕಾರದ ಕೈಟ್ ಸಂಸ್ಥೆ ಎಂಟರಿಂದ ಹನ್ನೆರಡರವರೆಗಿನ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಟ್ಟಿದೆ. ಒಂದು ಲ್ಯಾಪ್‌ಟಾಪಿನಲ್ಲಿ ಗುಂಪುಗಳು ಸರದಿಯಂತೆ ಬರೆದರೂ ನಡೆಯುತ್ತದೆ. ಕಂಪ್ಯೂಟರ್ ಲ್ಯಾಬ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಟೈಪಿಂಗ್ ಬಗ್ಗೆ ಚಿಂತೆ ಬೇಡ. ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಮಲಯಾಳದ ಕ ಇರುವ ಕೀಲಿಯಲ್ಲೇ ಕನ್ನಡದ ಕ ಇದೆ. ಒಂದು ಭಾಷೆಯಲ್ಲಿ ಬೆರಳು ಪಳಗಿದ ಮಗುವಿಗೆ ಇನ್ನೊಂದು ಹೆಚ್ಚು ಕಷ್ಟವಾಗದು. ಶಾಲೆಯ ಐಟಿ ಕ್ಲಬ್ ಆದ ಲಿಟಲ್ ಕೈಟ್ಸ್ ಘಟಕದ ಮಕ್ಕಳಿದ್ದರೆ ಸಹಾಯಕ್ಕೆ ಕರೆಯಿರಿ. ಆದರೆ ನೀವು ಹಾಕುವ ಪಠ್ಯ ಯೂನಿಕೋಡ್‌ನಲ್ಲೇ ಇರಬೇಕು. ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಇದ್ದದ್ದನ್ನು ಹಾಗೇ ತಂದು ಅಂಟಿಸಿದರೆ ಅಕ್ಷರಗಳು ಕಲಸುಮೇಲೋಗರವಾಗುತ್ತವೆ.

ತಿಂಗಳಿಗೆ ಎರಡು ಪದ್ಯ ಸಾಕು. ಪ್ರತಿ ಮಗುವಿನ ಮಾತಿಗೂ ನೀವು ಒಂದು ಸಾಲಿನ ಮರುಮಾತು ಬರೆಯಬೇಕಲ್ಲ, ಅದಕ್ಕೆ ಸಮಯ ಉಳಿಯಬೇಕು. ಟೀಚರ್ ಓದುವುದಿಲ್ಲ ಎಂದು ಗೊತ್ತಾದ ದಿನ ಮಕ್ಕಳೂ ಬರೆಯುವುದನ್ನು ನಿಲ್ಲಿಸುತ್ತಾರೆ.

ಪ್ರಶ್ನೆ: ಮಗಳು ಎಂಟನೇ ತರಗತಿ. ಕನ್ನಡ ಪಾಠಕ್ಕೆಂದು ನನ್ನ ಫೋನ್ ತೆಗೆದುಕೊಂಡು ಗಂಟೆಗಟ್ಟಲೆ ಕೂರುತ್ತಾಳೆ. ಅಕೌಂಟ್ ನನ್ನದೇ. ಇದು ಸರಿಯೇ? — ಮುಳ್ಳೇರಿಯದ ಒಬ್ಬ ತಂದೆ

ಉತ್ತರ: ನಿಮ್ಮ ಅಕೌಂಟ್ ಕೊಡಬೇಡಿ. ಅದರಲ್ಲಿ ನಿಮ್ಮ ಇಮೇಲ್, ಫೋಟೋ, ಇತರ ಕಡತಗಳು ಎಲ್ಲ ಇರುತ್ತವೆ. ಮಗಳು ಬರೆದದ್ದೂ ನಿಮ್ಮ ಹೆಸರಿನಲ್ಲಿ ಕಾಣುತ್ತದೆ. ಶಾಲೆಯಿಂದ ಸಿಕ್ಕಿದ ಲಾಗಿನ್ ಇದ್ದರೆ ಅದನ್ನೇ ಬಳಸಲಿ. ಇಲ್ಲದಿದ್ದರೆ, ಭಾರತದಲ್ಲಿ ಸ್ವಂತ ಗೂಗಲ್ ಅಕೌಂಟ್ ನೋಡಿಕೊಳ್ಳಲು 13 ವರ್ಷ ತುಂಬಿರಬೇಕು. ಅದಕ್ಕಿಂತ ಚಿಕ್ಕವಳಾದರೆ ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ನೀವೇ ಮಾಡಿಕೊಡಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳೇ. ಹಾಗಾಗಿ ಯಾವ ಆ್ಯಪ್, ಲಿಂಕ್ ಯಾರಿಗೆಲ್ಲ ತೆರೆದಿದೆ ಎಂದು ಟೀಚರನ್ನು ಕೇಳುವ ಹಕ್ಕು ನಿಮಗಿದೆ, ಸಂಕೋಚ ಬೇಡ. ಒಂದು ಪದ್ಯದ ಕೆಲಸಕ್ಕೆ 20 ನಿಮಿಷ ಧಾರಾಳ. ಆ ಹೊತ್ತು ಪಕ್ಕದಲ್ಲಿ ಕೂತು ಪದ್ಯವನ್ನು ನಿಮಗೊಮ್ಮೆ ಓದಿ ಹೇಳಲು ಹೇಳಿ.

ಪ್ರಶ್ನೆ: ರಜೆಯಲ್ಲಿ ಮಕ್ಕಳನ್ನು ಸೇರಿಸಿ ಗೋವಿಂದ ಪೈ ಮತ್ತು ಕಯ್ಯಾರ ಕಿಞ್ಞಣ್ಣ ರೈಗಳ ಕವನಗಳನ್ನು ಅಂತರ್ಜಾಲಕ್ಕೆ ಹಾಕಬೇಕೆಂದಿದ್ದೇವೆ. ಕಾನೂನು ಅಡ್ಡಿ ಇದೆಯೇ? — ಮಂಜೇಶ್ವರದ ಒಂದು ಗ್ರಂಥಾಲಯದ ಕಾರ್ಯಕರ್ತರು

ಉತ್ತರ: ಇಬ್ಬರ ವಿಷಯ ಬೇರೆ ಬೇರೆ. ನಮ್ಮ ದೇಶದಲ್ಲಿ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರ ಜೀವಿತಕಾಲದಲ್ಲಿ ಅಚ್ಚಾದ ಕೃತಿಗಳು 2024ರ ಜನವರಿ 1ರಿಂದ ಭಾರತದಲ್ಲಿ ಎಲ್ಲರ ಸೊತ್ತು. ಕಯ್ಯಾರರು ನೂರು ದಾಟಿ 2015ರಲ್ಲಿ ತೀರಿಕೊಂಡರು. ಅವರ ಕವನಗಳಿಗೆ 2075ರ ಕೊನೆಯವರೆಗೂ ಹಕ್ಕುದಾರರ ಲಿಖಿತ ಅನುಮತಿ ಬೇಕು. ತರಗತಿಯೊಳಗೆ ಪಾಠಕ್ಕಾಗಿ ಅಧ್ಯಾಪಕರು ಪ್ರತಿ ಮಾಡಿಕೊಳ್ಳಲು ಕಾನೂನು ಬಿಡುತ್ತದೆ. ಲೋಕಕ್ಕೆಲ್ಲ ತೆರೆದ ಪುಟದಲ್ಲಿ ಹಾಕುವುದಕ್ಕೆ ಆ ವಿನಾಯಿತಿ ಸಲ್ಲದು.

ಪೈಗಳ ಹಳೆಯ ಪುಸ್ತಕಗಳಿಗೆ ಕನ್ನಡ ವಿಕಿಸೋರ್ಸ್ ಎಂಬ ಮುಕ್ತ ಅಂತರ್ಜಾಲ ಗ್ರಂಥಾಲಯ ತಕ್ಕ ಜಾಗ. ಅಲ್ಲಿ ಒಂದು ಬದಿಯಲ್ಲಿ ಪುಟದ ಚಿತ್ರ, ಇನ್ನೊಂದು ಬದಿಯಲ್ಲಿ ಅಕ್ಷರ. ಯಂತ್ರ ಓದಿದ್ದನ್ನು ಮಕ್ಕಳು ಚಿತ್ರ ನೋಡಿ ತಿದ್ದಬೇಕು. ತಿದ್ದದ ಪುಟ ಕೆಂಪು, ಒಬ್ಬರು ತಿದ್ದಿದರೆ ಹಳದಿ, ಮತ್ತೊಬ್ಬರು ಪರಿಶೀಲಿಸಿದರೆ ಹಸಿರು. ತಾನೇ ತಿದ್ದಿದ್ದನ್ನು ತಾನೇ ಹಸಿರು ಮಾಡುವಂತಿಲ್ಲ. ಒತ್ತಕ್ಷರ ಬಿಟ್ಟುಹೋಗಿದೆಯೇ, ಅರ್ಕಾವೊತ್ತು ಸರಿಯಾಗಿದೆಯೇ ಎಂದು ಹುಡುಕುತ್ತ ಒಂದು ಪುಟವನ್ನು ಮೂರು ಸಲ ಓದುವ ಮಗು ಆ ಕವನವನ್ನು ಅರ್ಧ ಬಾಯಿಪಾಠ ಮಾಡಿರುತ್ತದೆ. ನಿಮ್ಮ ಯೋಜನೆ ನನಗೆ ತುಂಬ ಇಷ್ಟವಾದದ್ದು ಇದಕ್ಕೇ.

ಒಂದು ಎಚ್ಚರ. ವಿಕಿಸೋರ್ಸ್ ನಡೆಸುವ ವಿಕಿಮೀಡಿಯಾ ಸಂಸ್ಥೆ ಇರುವುದು ಅಮೆರಿಕದಲ್ಲಿ. ಸ್ಕ್ಯಾನ್ ಅಲ್ಲಿನ ಕಾನೂನಿಗೂ ಹೊಂದಬೇಕು. ಇಂಥ ಹಳೆಯ ಪುಸ್ತಕಗಳಿಗೆ ಅಲ್ಲಿ ಪ್ರಕಟಣೆಯ ವರ್ಷದಿಂದ 95 ವರ್ಷ ಎಣಿಸುತ್ತಾರೆ. ಆದ್ದರಿಂದ ಮೊದಲು ಅತ್ಯಂತ ಹಳೆಯ ಮುದ್ರಣದ ಪ್ರತಿಯನ್ನು ಹುಡುಕಿ, ಮಕ್ಕಳನ್ನು ಕೂರಿಸುವ ಮೊದಲೇ ವಿಕಿಸೋರ್ಸ್‌ನ ಅನುಭವಿ ಸಂಪಾದಕರನ್ನು ಕೇಳಿ. ಸ್ಕ್ಯಾನ್ ಮಾಡುವಾಗ ಮುಖಪುಟದ ಹಿಂದೆ ಇಸವಿ, ಮುದ್ರಕರ ಹೆಸರು ಇರುವ ಹಾಳೆಯನ್ನು ಬಿಡಬೇಡಿ.