ಡಾಲ್ಫಿನ್ ಲೆಕ್ಕ: ಓದುಗರ ಪ್ರಶ್ನೆ, ನನ್ನ ಉತ್ತರ

ಕರಾವಳಿಯ ಡಾಲ್ಫಿನ್‌ಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದ ಚಿಕ್ಕ ಟಿಪ್ಪಣಿಗೆ ಕಾರವಾರದಿಂದ ಉಳ್ಳಾಲದವರೆಗೆ ಪತ್ರಗಳು ಬಂದಿವೆ. ಐದನ್ನು ಆಯ್ದುಕೊಂಡಿದ್ದೇನೆ. ಭಟ್ಕಳದ ಮೀನುಗಾರರ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಬೇಕೆಂದೇ.

ಹುಲಿ ಗಣತಿಗೆ ಮರಕ್ಕೆ ಕ್ಯಾಮೆರಾ ಕಟ್ಟುತ್ತಾರೆ. ಕಡಲಲ್ಲಿ ಹೇಗೆ ಮೇಡಂ? ಒಂದೇ ಡಾಲ್ಫಿನ್ ಹತ್ತು ಸಲ ಮೇಲೆ ಬಂದರೆ ಹತ್ತು ಎಂದು ಬರೆದುಕೊಳ್ಳುವುದಿಲ್ಲವೇ?
– ಪದವಿ ವಿದ್ಯಾರ್ಥಿನಿ, ಕುಮಟಾ

ಆ ಅಪಾಯ ಇದ್ದೇ ಇದೆ. ಆದ್ದರಿಂದಲೇ ನಾವು ತಲೆ ಎಣಿಸುವುದಿಲ್ಲ, ಅಂದಾಜು ಕಟ್ಟುತ್ತೇವೆ. ಅದಕ್ಕೆ ಮುಖ್ಯವಾಗಿ ಎರಡು ದಾರಿಗಳು.

ಮೊದಲನೆಯದು ಗೆರೆ ಹಿಡಿದು ಸಾಗುವುದು. ನಕ್ಷೆಯ ಮೇಲೆ ಅಂಕುಡೊಂಕಾದ ಗೆರೆಗಳನ್ನು ಮೊದಲೇ ಎಳೆದುಕೊಂಡು, ದೋಣಿಯನ್ನು ಅವುಗಳ ಮೇಲೆ ಒಂದೇ ವೇಗದಲ್ಲಿ ನಡೆಸಬೇಕು. ಡಾಲ್ಫಿನ್ ಸಿಗುವ ಜಾಗವನ್ನೇ ಹುಡುಕಿಕೊಂಡು ಹೋದರೆ ಲೆಕ್ಕ ಕೆಟ್ಟಿತು. ಎಡಕ್ಕೊಬ್ಬರು, ಬಲಕ್ಕೊಬ್ಬರು ಕಣ್ಣಿಟ್ಟಿರುತ್ತಾರೆ, ಮೂರನೆಯವರು ಬರೆದುಕೊಳ್ಳುತ್ತಾರೆ. ಕಂಡ ಕೂಡಲೇ ಎಷ್ಟು ದೂರ, ದೋಣಿಯ ಮುಂತುದಿಯಿಂದ ಎಷ್ಟು ಕೋನ, ಗುಂಪಿನಲ್ಲಿ ಎಷ್ಟಿವೆ, ಮರಿ ಇದೆಯೇ, ಹತ್ತಿರದಲ್ಲಿ ಬಲೆ ಇದೆಯೇ ಎಂಬುದೆಲ್ಲ ದಾಖಲಾಗಬೇಕು. ದೂರ ಹೆಚ್ಚಿದಷ್ಟೂ ಕಣ್ತಪ್ಪುವುದು ಹೆಚ್ಚು. ಎಷ್ಟು ತಪ್ಪಿತು ಎಂಬುದನ್ನು ಆ ದೂರಗಳ ಪಟ್ಟಿಯಿಂದಲೇ ಲೆಕ್ಕ ಹಾಕಬಹುದು. 200 ಕಿ.ಮೀ. ಸಾಗಿದ್ದೇವೆ, ಗೆರೆಯ ಒಂದೊಂದು ಬದಿಗೆ ಕಾಲು ಕಿ.ಮೀ.ಯಷ್ಟು ಕಡಲು ನಮ್ಮ ಕಣ್ಣಿಗೆ ದಕ್ಕಿದೆ ಎಂದುಕೊಳ್ಳಿ. ಅಲ್ಲಿಗೆ ನಾವು ನೋಡಿದ್ದು 100 ಚದರ ಕಿ.ಮೀ. ಅದರಲ್ಲಿ 12 ಡಾಲ್ಫಿನ್ ಕಂಡಿದ್ದರೆ 1,000 ಚದರ ಕಿ.ಮೀ.ಗೆ ಸುಮಾರು 120. ದೋಣಿ ಹಾದುಹೋಗುವಾಗ ನೀರಿನಡಿ ಇದ್ದವುಗಳಿಗಾಗಿ ಇದರ ಮೇಲೊಂದು ತಿದ್ದುಪಡಿ ಬೇಕಾಗುತ್ತದೆ.

ಎರಡನೆಯದು ನಿಮ್ಮ ಹುಲಿ ಗಣತಿಗೆ ಹತ್ತಿರದ್ದು. ಹುಲಿಗೆ ಪಟ್ಟೆ ಇದ್ದ ಹಾಗೆ ಡಾಲ್ಫಿನ್‌ಗೆ ಬೆನ್ನಿನ ರೆಕ್ಕೆಯ ಹಿಂಬದಿ ಅಂಚು. ಕಾಳಿ ನದಿಯ ಅಳಿವೆಯಲ್ಲಿ, ದೇವಬಾಗ ಮತ್ತು ಕೂರ್ಮಗಡದ ಸುತ್ತಮುತ್ತ ಕಾಣುವ ಗೂನುಬೆನ್ನಿನ ಡಾಲ್ಫಿನ್‌ಗೆ ಬೆನ್ನ ನಡುವೆ ಉದ್ದನೆಯ ದಿಬ್ಬ, ಅದರ ಮೇಲೊಂದು ಚಿಕ್ಕ ರೆಕ್ಕೆ. ಆ ಅಂಚಿನ ಕಚ್ಚುಗಳು, ಹರಿದ ಗುರುತುಗಳು ವರ್ಷಗಟ್ಟಲೆ ಉಳಿಯುತ್ತವೆ. ಮೊದಲ ಸುತ್ತಿನಲ್ಲಿ 30 ಡಾಲ್ಫಿನ್‌ಗಳ ಗುರುತು ಹಿಡಿದೆವು, ಎರಡನೆಯ ಸುತ್ತಿನಲ್ಲಿ 40 ಸಿಕ್ಕವು, ಅವುಗಳಲ್ಲಿ 20 ಹಳೆಯವೇ ಎಂದಾದರೆ, 30ನ್ನು 40ರಿಂದ ಗುಣಿಸಿ 20ರಿಂದ ಭಾಗಿಸಿ: ಒಟ್ಟು ಸುಮಾರು 60. ಒಂದೇ ಡಾಲ್ಫಿನ್ ಮತ್ತೆ ಮತ್ತೆ ಕಾಣುವುದು ಇಲ್ಲಿ ತೊಡಕಲ್ಲ, ಲೆಕ್ಕ ನಿಂತಿರುವುದೇ ಅದರ ಮೇಲೆ. ಇದೇ ಫೋಟೊಗಳು ಇನ್ನೊಂದು ಕಥೆಯನ್ನೂ ಹೇಳುತ್ತವೆ. ನೈಲಾನ್ ದಾರ ಕೊಯ್ದ ಗಾಯ ನೇರವಾಗಿ, ತೆಳ್ಳಗೆ ಇರುತ್ತದೆ. ಜೊತೆಯ ಡಾಲ್ಫಿನ್ ಹಲ್ಲಿನಿಂದ ಗೀರಿದ್ದು ಸಮಾನಾಂತರ ಗೆರೆಗಳಾಗಿ ಕಾಣುತ್ತದೆ. ರೆಕ್ಕೆಯ ಬುಡದಲ್ಲಿ ದಾರದ ಗುರುತಿದ್ದ ತಾಯಿಯೊಂದು ಮರಿಯನ್ನು ಪಕ್ಕಕ್ಕಿಟ್ಟುಕೊಂಡು ಈಜುತ್ತಿದ್ದ ಚಿತ್ರ ನನ್ನ ಬಳಿ ಇದೆ. ಬಲೆಯಿಂದ ಪಾರಾದವುಗಳ ಲೆಕ್ಕವನ್ನಾದರೂ ಹೀಗೆ ಹಿಡಿಯಬಹುದು.

ಕಷ್ಟವಿರುವುದು ನಮ್ಮ ಇನ್ನೊಂದು ನೆರೆಯ ಪ್ರಾಣಿಯಲ್ಲಿ, ಡಾಲ್ಫಿನ್‌ನ ನೆಂಟನಾದ ಫಿನ್‌ಲೆಸ್ ಪೋರ್ಪಾಯ್ಸ್‌ನಲ್ಲಿ. ಇದಕ್ಕೆ ಬೆನ್ನಿನ ರೆಕ್ಕೆಯೇ ಇಲ್ಲ, ಹಾಗಾಗಿ ಫೋಟೊ ಉಪಯೋಗಕ್ಕೆ ಬಾರದು. ಇದು ನೆಗೆಯುವುದೂ ಅಪರೂಪ. ಸ್ವಲ್ಪ ಅಲೆ ಎದ್ದರೂ ಕಣ್ಣಿಗೆ ಬೀಳುವುದಿಲ್ಲ. ಇಂಥವಕ್ಕೆ ನೀರೊಳಗೆ ಮೈಕ್ ಇಳಿಸಿ ಕೇಳಬೇಕು. ಅದರ ಟಿಕ್ ಟಿಕ್ ಸದ್ದು 100 ಕಿಲೋಹರ್ಟ್ಸ್‌ಗೂ ಮೇಲಿನದು, ನಮ್ಮ ಕಿವಿಗೆ ಸಿಗುವುದು 20ರವರೆಗೆ ಮಾತ್ರ. ಮೆಕ್ಸಿಕೊದ ವಾಕೀಟಾ ಎಂಬ ಪುಟ್ಟ ಪೋರ್ಪಾಯ್ಸ್ ಗಿಲ್‌ನೆಟ್‌ಗೆ, ಅಂದರೆ ನೀರಿನಲ್ಲಿ ಗೋಡೆಯಂತೆ ನಿಲ್ಲುವ ಬಲೆಗೆ, ಸಿಕ್ಕಿ 1997ರ ಸುಮಾರು 570ರಿಂದ ಈಗ ಹತ್ತರ ಆಸುಪಾಸಿಗೆ ಇಳಿದಿದೆ. ಆ ಕುಸಿತವನ್ನು ವರ್ಷದಿಂದ ವರ್ಷಕ್ಕೆ ಪತ್ತೆ ಹಚ್ಚಿದ್ದು ಹೀಗೆ ಇಳಿಬಿಟ್ಟ ಮೈಕುಗಳೇ.

ಬಲೆ ಹರಿಯುವುದು ಡಾಲ್ಫಿನ್, ನಷ್ಟ ನಮಗೆ. ಅದು ಬಲೆಗೆ ಬಿದ್ದು ಸತ್ತರೆ ಕೇಸು ಬೀಳುತ್ತದೆ ಎಂದು ಹೆದರಿ ನೀರಿಗೇ ಬಿಟ್ಟು ಬರುತ್ತೇವೆ. ನಿಮ್ಮ ಲೆಕ್ಕದಲ್ಲಿ ನಮ್ಮ ಲೆಕ್ಕ ಎಲ್ಲಿದೆ ಅಕ್ಕಾ?
– ನಾಡದೋಣಿ ಮೀನುಗಾರರು, ಭಟ್ಕಳ

ಅಣ್ಣಾ, ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನಿಮ್ಮ ಮಾತು ನಿಜ. ಹರಿದ ಬಲೆ, ಅದನ್ನು ಹೆಣೆಯುತ್ತಾ ದಡದಲ್ಲಿ ಕೂರುವ ದಿನಗಳು, ತಪ್ಪಿಹೋದ ಬಂಗುಡೆ, ಬೂತಾಯಿ ಇವನ್ನು ಬರೆದಿಡುವವರು ಯಾರೂ ಇಲ್ಲ. ನನ್ನನ್ನು ಕೇಳಿದರೆ ಡಾಲ್ಫಿನ್ ಸಮೀಕ್ಷೆಯ ನಮೂನೆಯಲ್ಲಿ ಹರಿದ ಬಲೆಗೂ ಒಂದು ಕಲಂ ಇರಲೇಬೇಕು.

ಈಗ ಡಾಲ್ಫಿನ್ ಕಡೆಯ ಲೆಕ್ಕ ಕೇಳಿ. ಬೂತಾಯಿ ಒಂದು ಸಲಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಗೂನುಬೆನ್ನಿನ ಡಾಲ್ಫಿನ್ ಹೊಟ್ಟೆಯಲ್ಲಿ ವರ್ಷದ ಹತ್ತಿರ ಮರಿಯನ್ನು ಹೊತ್ತು, ಒಂದೇ ಒಂದು ಹೆತ್ತು, ಇನ್ನೊಂದಕ್ಕೆ ಸಾಮಾನ್ಯವಾಗಿ ಮೂರು ವರ್ಷ ತೆಗೆದುಕೊಳ್ಳುತ್ತದೆ. ಇಂಥ ಪ್ರಾಣಿಗಳ ಸಂಖ್ಯೆ ಎಲ್ಲ ಅನುಕೂಲವಿದ್ದರೂ ವರ್ಷಕ್ಕೆ ನೂರಕ್ಕೆ ನಾಲ್ಕರಷ್ಟು ಬೆಳೆದೀತು ಎಂದು ಇಟ್ಟುಕೊಳ್ಳುತ್ತಾರೆ. ಬಲೆಯಂಥವುಗಳಿಂದ ವರ್ಷಕ್ಕೆ ಎಷ್ಟು ಸಾವನ್ನು ಇವು ತಡೆದುಕೊಂಡಾವು ಎಂದು ತಿಳಿಯಲು ಅಮೆರಿಕದಲ್ಲಿ ಬಳಸುವ ಸೂತ್ರವೊಂದಿದೆ: ಕಡಿಮೆಯೆಂದರೂ ಇಷ್ಟಿವೆ ಎನ್ನುವ ಸಂಖ್ಯೆಯನ್ನು ಆ ಬೆಳವಣಿಗೆಯ ಅರ್ಧದಿಂದ ಗುಣಿಸಿ, ಮೇಲೆ ಎಚ್ಚರಿಕೆಗೆಂದು ಇನ್ನಷ್ಟು ತಗ್ಗಿಸುವುದು. ಒಂದು ಅಳಿವೆಯ ಸುತ್ತ 100 ಡಾಲ್ಫಿನ್ ಇದ್ದರೆ ಅರ್ಧ ಬೆಳವಣಿಗೆ ಎರಡು. ಅಳಿವಿನಂಚಿನ ಜಾತಿಯಾದರೆ ಅದರಲ್ಲೂ ಹತ್ತನೇ ಒಂದು ಪಾಲು ಮಾತ್ರ. ಅಂದರೆ ಐದು ವರ್ಷಕ್ಕೆ ಒಂದು ಸಾವು. ನಮ್ಮ ಗೂನುಬೆನ್ನಿನ ಡಾಲ್ಫಿನ್ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದೇ. ಒಂದು ದೋಣಿಯವರಿಗೆ ವರ್ಷಕ್ಕೊಂದು ಸಿಕ್ಕರೆ ದೊಡ್ಡದೆನಿಸದು. ಆದರೆ ಒಂದು ಬಂದರಿನಲ್ಲಿ ದೋಣಿಗಳೆಷ್ಟು!

ಹಿಂದೂ ಮಹಾಸಾಗರದ ಟ್ಯೂನಾ ಗಿಲ್‌ನೆಟ್‌ಗಳಲ್ಲಿ 1950ರಿಂದ 2018ರವರೆಗೆ ಸುಮಾರು 41 ಲಕ್ಷ ಡಾಲ್ಫಿನ್ ಮತ್ತು ಸಣ್ಣ ತಿಮಿಂಗಿಲಗಳು ಸಿಕ್ಕಿವೆ ಎಂಬ ಅಂದಾಜು 2020ರಲ್ಲಿ ಪ್ರಕಟವಾಯಿತು. ಯಾರೂ ಅವನ್ನು ಹಿಡಿಯಬೇಕೆಂದು ಹಿಡಿದದ್ದಲ್ಲ. ಹಾಗಿದ್ದರೆ ದಾರಿಯೇ ಇಲ್ಲವೇ? ಇದೆ, ಅದನ್ನು ತೋರಿಸಿದವರೂ ಮೀನುಗಾರರೇ. ಪಾಕಿಸ್ತಾನದ ಟ್ಯೂನಾ ದೋಣಿಗಳ ತಾಂಡೇಲರು (ದೋಣಿಯ ಮುಖ್ಯಸ್ಥರು) ತಮ್ಮ ಬಲೆಗೆ ಏನೇನು ಸಿಕ್ಕಿತು ಎಂದು ವರ್ಷಗಟ್ಟಲೆ ತಾವೇ ಬರೆದಿಟ್ಟರು. ಆಮೇಲೆ ಬಲೆಯ ಮೇಲಂಚನ್ನು ನೀರಿನ ಮಟ್ಟದಿಂದ ಎರಡು ಮೀಟರ್ ಕೆಳಗಿಳಿಸಿ ನೋಡಿದರು. ಡಾಲ್ಫಿನ್ ಸಿಕ್ಕಿಬೀಳುವುದು ಮುಕ್ಕಾಲಿಗಿಂತ ಹೆಚ್ಚು ಕಡಿಮೆಯಾಯಿತು, ಟ್ಯೂನಾ ಹಿಡಿತಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ನಿಮ್ಮದು ಆಳವಿಲ್ಲದ ನೀರು, ಬೇರೆ ಮೀನು. ಅದೇ ಉಪಾಯ ಹಾಗೆಯೇ ಹೊಂದುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ನಿಮ್ಮ ನೀರಿಗೆ ಯಾವುದು ಹೊಂದುತ್ತದೆ ಎಂದು ಪರೀಕ್ಷಿಸುವುದು ನೀವಿಲ್ಲದೆ ಆಗದು. ಡಾಲ್ಫಿನ್ ಹತ್ತಿರ ಬಾರದಂತೆ ಬಲೆಗೆ ಕಟ್ಟುವ ಸದ್ದಿನ ಉಪಕರಣದ ಬಗ್ಗೆಯೂ ಪತ್ರದಲ್ಲಿ ಕೇಳಿದ್ದೀರಿ. ಪೋರ್ಪಾಯ್ಸ್‌ಗಳನ್ನು ದೂರವಿಡಲು ಅದು ಬೇರೆ ಕಡಲುಗಳಲ್ಲಿ ಕೆಲಸ ಮಾಡಿದೆ. ಕೆಲವು ಡಾಲ್ಫಿನ್‌ಗಳು ಮಾತ್ರ ಸದ್ದಿಗೆ ಒಗ್ಗಿಕೊಂಡು, ಅಲ್ಲಿ ಮೀನಿದೆ ಎಂಬ ಸೂಚನೆಯಾಗಿಯೇ ಅದನ್ನು ಬಳಸಿಕೊಂಡದ್ದೂ ಇದೆ. ಸಾಲ ಮಾಡಿ ಕೊಳ್ಳಬೇಡಿ.

ಇನ್ನು ಭಯ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಡಾಲ್ಫಿನ್‌ಗಳು ಇವೆ, ಅವುಗಳ ಬೇಟೆ ಅಪರಾಧ. ಅದೇ ಕಾಯ್ದೆಯ 39ನೇ ಕಲಮಿನ ಪ್ರಕಾರ ಸತ್ತು ಸಿಕ್ಕ ವನ್ಯಜೀವಿ ಸರ್ಕಾರದ ಸ್ವತ್ತು, ಅದು ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕಾರಿಗೋ ತಿಳಿಸಬೇಕು. ತಿಳಿಸಲು ಬಂದವರನ್ನೇ ಆರೋಪಿಯಂತೆ ಕೂರಿಸಿಕೊಂಡರೆ ಮುಂದಿನ ಸಲ ಯಾರೂ ಬರುವುದಿಲ್ಲ, ಅಲ್ಲಿಗೆ ನಮ್ಮ ಅಂದಾಜಿನ ಅರ್ಧ ಭಾಗ ಕತ್ತಲೆಗೆ ಬೀಳುತ್ತದೆ. ಎಷ್ಟಿವೆ ಎಂದು ಎಣಿಸಿ, ಎಷ್ಟು ಸಾಯುತ್ತಿವೆ ಎಂದು ತಿಳಿಯದಿದ್ದರೆ ಆ ಎಣಿಕೆಯಿಂದ ಏನು ಪ್ರಯೋಜನ? ಬಲೆಗೆ ಆಕಸ್ಮಿಕವಾಗಿ ಬಿದ್ದದ್ದನ್ನು ತಾವಾಗಿ ವರದಿ ಮಾಡುವ ಮೀನುಗಾರರಿಗೆ ಲಿಖಿತ ರಕ್ಷಣೆ ಬೇಕು. ಅರಣ್ಯ ಮತ್ತು ಮೀನುಗಾರಿಕೆ ಇಲಾಖೆಗಳು ಕೂಡಿ ಕೂತು ಇದನ್ನು ಮಾಡಬೇಕೆಂದು ನಾನು ಅಧಿಕಾರಿಗಳ ಮುಂದೆ ಹೇಳುತ್ತಲೇ ಬಂದಿದ್ದೇನೆ, ಇಲ್ಲಿಯೂ ಹೇಳುತ್ತೇನೆ. ನಿಮ್ಮ ಸಹಕಾರ ಸಂಘದ ಮೂಲಕವೂ ಈ ಬೇಡಿಕೆ ಹೋಗಲಿ.

ಅಮೆರಿಕಕ್ಕೆ ಮೀನು ಕಳಿಸಲು ಡಾಲ್ಫಿನ್ ಲೆಕ್ಕ ಕೊಡಬೇಕಂತೆ. ಎರಡಕ್ಕೂ ಏನು ಸಂಬಂಧ?
– ಸಂಸ್ಕರಣಾ ಘಟಕದ ಉದ್ಯೋಗಿ, ಉಳ್ಳಾಲ

ಅವರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆಯೂ ನಮ್ಮ ಕಾಯ್ದೆಯಂತೆ 1972ರದ್ದು. ಡಾಲ್ಫಿನ್‌ನಂಥ ಕಡಲ ಸಸ್ತನಿಗಳು ಬಲೆಗೆ ಸಿಕ್ಕಿ ಸಾಯದಂತೆ ತಮ್ಮ ಮೀನುಗಾರರಿಗೆ ಹಾಕಿದ ಕಟ್ಟುಪಾಡಿಗೆ ಸಮನಾದದ್ದು ಮೀನು ಕಳಿಸುವ ದೇಶದಲ್ಲೂ ಇರಬೇಕೆಂದು 2016ರಲ್ಲಿ ನಿಯಮ ಮಾಡಿದರು. ಹಲವು ಸಲ ಮುಂದೂಡಿ 2026ರ ಜನವರಿ 1ರಿಂದ ಜಾರಿಗೆ ತಂದರು. ಹೀಗಾಗಿಯೇ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯಂಥವು ದೇಶದ ಕಡಲ ಸಸ್ತನಿಗಳ ಅಂದಾಜಿಗೆ ಕೈಹಾಕಿದವು. ಸಿಗಡಿಗೆ ಮಾರುಕಟ್ಟೆ ತಪ್ಪೀತೆಂಬ ಆತಂಕದಿಂದಲಾದರೂ ಕೆಲಸ ಶುರುವಾಯಿತಲ್ಲ, ನನಗೆ ಅದು ಸಂತೋಷವೇ.

ಕಾರವಾರದಲ್ಲಿ ಡಾಲ್ಫಿನ್ ನೋಡಲು ಹೋಗಿದ್ದೆವು. ನಾಲ್ಕು ದೋಣಿಗಳು ಒಂದೇ ಗುಂಪನ್ನು ಅಟ್ಟಿಸಿಕೊಂಡು ಹೋದವು. ಮಕ್ಕಳು ಕುಣಿದರು, ನನಗೆ ಕಸಿವಿಸಿಯಾಯಿತು.
– ಗೃಹಿಣಿ, ಬೆಂಗಳೂರು

ಕಸಿವಿಸಿ ಆಗಬೇಕಾದದ್ದೇ. ನೀರಿನಲ್ಲಿ ಸದ್ದು ಸೆಕೆಂಡಿಗೆ ಸುಮಾರು 1,500 ಮೀಟರ್ ಸಾಗುತ್ತದೆ, ಗಾಳಿಯಲ್ಲಿ ಸಾಗುವುದರ ನಾಲ್ಕು ಪಟ್ಟಿಗೂ ಹೆಚ್ಚು ವೇಗ. ಡಾಲ್ಫಿನ್ ಮೀನು ಹುಡುಕುವುದು, ತಾಯಿ ಮರಿ ಒಂದನ್ನೊಂದು ಕರೆಯುವುದು ಸದ್ದಿನಿಂದಲೇ. ನಾಲ್ಕು ಎಂಜಿನ್ ಸುತ್ತುವರಿದರೆ ಅವು ಮೇಯುವುದನ್ನು ಬಿಟ್ಟು ಸರಿದುಹೋಗುತ್ತವೆ. ಮುಂದಿನ ಸಲ ಹತ್ತುವ ಮೊದಲೇ ದೋಣಿಯವರಿಗೆ ಹೇಳಿ: ಎದುರಿನಿಂದ ಅಡ್ಡಗಟ್ಟಬೇಡಿ, ಪಕ್ಕದಲ್ಲಿ ನಿಧಾನವಾಗಿ ಸಾಗಿ, ಮರಿ ಕಂಡರೆ ದೂರ ನಿಲ್ಲಿ, ಇನ್ನೊಂದು ದೋಣಿ ಅಲ್ಲಿದ್ದರೆ ಕಾಯಿರಿ, ಡಾಲ್ಫಿನ್ ಕಾಣದಿದ್ದರೂ ಬಾಡಿಗೆ ಪೂರ್ತಿ ಕೊಡುತ್ತೇವೆ. ಈ ಕೊನೆಯ ಮಾತು ಬಹಳ ಮುಖ್ಯ. ತೋರಿಸಲೇಬೇಕೆಂಬ ಒತ್ತಡ ಇಲ್ಲದಿದ್ದರೆ ಅಟ್ಟುವ ಅಗತ್ಯವೂ ಇರುವುದಿಲ್ಲ.

ಮಕ್ಕಳನ್ನು ಬೀಚಿಗೆ ಕರೆದೊಯ್ದಾಗ ಕಪ್ಪಗಿನ, ಮೂತಿಯಿಲ್ಲದ ಪ್ರಾಣಿಯೊಂದು ಸತ್ತು ಬಿದ್ದಿತ್ತು. ಯಾರೋ ಹೊಂಡ ತೋಡಿ ಮುಚ್ಚಿದರು. ನಾವೇನು ಮಾಡಬೇಕಿತ್ತು?
– ಶಿಕ್ಷಕರು, ಮಂಗಳೂರು

ಗುಂಡಗಿನ ತಲೆ, ಕೊಕ್ಕಿನಂತೆ ಚಾಚಿದ ಮೂತಿಯಿಲ್ಲ, ಬೆನ್ನಿನಲ್ಲಿ ರೆಕ್ಕೆಯ ಬದಲು ಸಣ್ಣ ಗುಳ್ಳೆಗಳ ಸಾಲು ಇದ್ದರೆ ಅದು ಫಿನ್‌ಲೆಸ್ ಪೋರ್ಪಾಯ್ಸ್. ಬಾಯಿ ತೆರೆದಿದ್ದರೆ ಹಲ್ಲು ನೋಡಿ: ಇದರದ್ದು ಚಪ್ಪಟೆ, ಸಲಿಕೆಯ ಆಕಾರ, ಡಾಲ್ಫಿನ್‌ನದ್ದು ಚೂಪು.

ದಡಕ್ಕೆ ಬಂದ ಒಂದೊಂದು ಕಳೇಬರವೂ ಅಮೂಲ್ಯ, ಏಕೆಂದರೆ ಹೆಚ್ಚಿನವು ಬರುವುದೇ ಇಲ್ಲ. ಮೆಕ್ಸಿಕೊ ಕೊಲ್ಲಿಯಲ್ಲಿ 2010ರ ತೈಲ ಸೋರಿಕೆಯ ನಂತರ ಲೆಕ್ಕ ಹಾಕಿದಾಗ, ಸತ್ತ ಡಾಲ್ಫಿನ್, ತಿಮಿಂಗಿಲಗಳಲ್ಲಿ ಸರಾಸರಿ ನೂರಕ್ಕೆ ಎರಡರ ಕಳೇಬರ ಮಾತ್ರ ಸಿಗುತ್ತದೆ ಎಂದು ತಿಳಿಯಿತು. ನಮ್ಮ ದಡದಲ್ಲಿ ಆ ಪ್ರಮಾಣ ಬೇರೆ ಇದ್ದೀತು, ಆದರೂ ಕಂಡದ್ದಕ್ಕಿಂತ ಕಾಣದ್ದೇ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ.

ಹೂಳುವ ಮೊದಲು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಅವರು ಬರುವವರೆಗೆ ಎರಡೂ ಪಕ್ಕದ, ಹೊಟ್ಟೆಯ ಮತ್ತು ಬಾಲದ ಫೋಟೊ ತೆಗೆಯಿರಿ. ಹೊಟ್ಟೆಯ ಫೋಟೊದಿಂದ ಗಂಡೋ ಹೆಣ್ಣೋ ತಿಳಿಯುತ್ತದೆ. ಮೂತಿಯ ತುದಿಯಿಂದ ಬಾಲದ ನಡುವಿನ ಕಚ್ಚಿನವರೆಗೆ ಉದ್ದವನ್ನು ನೇರ ಗೆರೆಯಲ್ಲಿ ಅಳೆಯಿರಿ, ಮೈಯ ಉಬ್ಬಿನ ಮೇಲೆ ಟೇಪು ಸುತ್ತಬೇಡಿ. ದಾರದ ಗುರುತು, ಕತ್ತರಿಸಿದ ಬಾಲ ಇದ್ದರೆ ಹತ್ತಿರದಿಂದ ಇನ್ನೊಂದು ಚಿತ್ರ ತೆಗೆಯಿರಿ. ಬರಿಗೈಯಲ್ಲಿ ಮುಟ್ಟಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ನಾಯಿಗಳನ್ನೂ ದೂರವಿಡಿ.

ಜೀವ ಇದ್ದರೆ ಅಳತೆ, ಫೋಟೊ ಎಲ್ಲ ಬದಿಗಿರಲಿ, ಮೊದಲು ಕರೆ ಮಾಡಿ. ಹೊಟ್ಟೆ ಅಡಿಗೆ ಬರುವಂತೆ ನೇರವಾಗಿ ಇರಿಸಿ, ನೆರಳು ಮಾಡಿ, ಒದ್ದೆ ಬಟ್ಟೆ ಹೊದಿಸಿ ನೀರು ಚಿಮುಕಿಸುತ್ತಿರಿ. ನೆತ್ತಿಯ ಮೇಲಿನ ಉಸಿರಿನ ರಂಧ್ರದ ಮೇಲೆ ಬಟ್ಟೆಯೂ ಬರಬಾರದು, ನೀರೂ ಬೀಳಬಾರದು. ಬಾಲ ಹಿಡಿದು ಕಡಲಿಗೆ ಎಳೆಯಬೇಡಿ, ಬೆನ್ನುಮೂಳೆಯ ಕೀಲು ತಪ್ಪುತ್ತದೆ.